ಯುಎಸ್‌ಬಿ ಚುಚ್ಚಿದರೂ ಕಂಪ್ಯೂಟರಿಗೆ ಗುರುತು ಹತ್ತದಿದ್ದರೆ

ನವೆಂಬರ್ ಬಂತೆಂದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಪಿಂಚಣಿದಾರರಿಗೆಲ್ಲ ಒಂದೇ ತಲೆಬಿಸಿ. ತಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ರುಜುವಾತು ಕೊಡಬೇಕು. 2014ರಲ್ಲಿ ಕೇಂದ್ರ ಸರಕಾರ ಜೀವನ್ ಪ್ರಮಾಣ್ ವ್ಯವಸ್ಥೆ ತಂದ ಮೇಲೆ ಇದನ್ನು ಮನೆಯ ಕಂಪ್ಯೂಟರಿನಿಂದಲೇ ಮಾಡಬಹುದು. ಬೆರಳಚ್ಚಿನ ಪುಟ್ಟ ಯಂತ್ರವನ್ನು ಯುಎಸ್‌ಬಿಗೆ ಚುಚ್ಚಿ ಹೆಬ್ಬೆಟ್ಟು ಒತ್ತಿದರಾಯಿತು. ಮೊಬೈಲಿಗೆ ಮುಖ ತೋರಿಸುವ ದಾರಿಯೂ 2021ರಿಂದ ಇದೆ. ಆದರೆ ಕೆಳಗಿನ ಮಹಡಿಯ ರಾಯರಿಗೆ ಮೊಬೈಲಿನ ಮುಂದೆ ಕಣ್ಣು ಪಿಳಿಪಿಳಿ ಮಾಡುವುದು ಸರಿಬೀಳಲಿಲ್ಲ. ಎರಡೂ ವಿಂಗಿನ ಹಿರಿಯರಿಗೆ ಆಗಿಬರಲಿ ಎಂದು ಹೆಬ್ಬೆಟ್ಟಿನ ಮಷೀನನ್ನೇ ತಂದಿಟ್ಟಿದ್ದರು.

ಹಳೆಯ ಕಂಪ್ಯೂಟರಿನಲ್ಲಿ ಅದು ತಕರಾರಿಲ್ಲದೆ ನಡೆಯುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಪುಣೆಯಲ್ಲಿರುವ ಮಗ ಬಂದು ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ಕೂರಿಸಿ ಹೋದ. ಅವನು ರೈಲು ಹತ್ತಿದ ಮರುದಿನ ಹೆಬ್ಬೆಟ್ಟಿನ ಮಷೀನು, ಪ್ರಿಂಟರು, ಪೆನ್‌ಡ್ರೈವು ಮೂರೂ ಒಟ್ಟಿಗೆ ಮುನಿಸಿಕೊಂಡವು.

“ಹೋಯ್, ಪುರುಸೊತ್ತಾದ್ರೆ ಒಂದ್ಸಲ ಕೆಳಗೆ ಬಾ ಮಾರಾಯ. ನನ್ನ ಹೆಬ್ಬೆಟ್ಟು ಇದಕ್ಕೆ ಬೇಡವಂತೆ” ಎಂದು ರಾಯರು ಫೋನು ಮಾಡಿದರು.

ನಾನು ಹೋಗುವಷ್ಟರಲ್ಲಿ ಅವರು ಗೂಗಲ್ ಮಾಡಿ ಸಿಕ್ಕ ಮೂರು ‘ಡ್ರೈವರ್’ಗಳನ್ನು (ಸಾಧನದ ಮಾತನ್ನು ವಿಂಡೋಸಿಗೆ ತಿಳಿಸುವ ತಂತ್ರಾಂಶ) ಇಳಿಸಿಕೊಂಡಾಗಿತ್ತು. ಹೆಚ್ಚಿನವರು ಮಾಡುವುದೂ ಇದನ್ನೇ. ಯುಎಸ್‌ಬಿ ಸಾಧನ ‘ಇನ್‌ಸ್ಟಾಲ್’ ಆಗುವುದೆಂದರೆ ಸಾಧನಕ್ಕೂ ಕಂಪ್ಯೂಟರಿಗೂ ನಡುವೆ ಹಂತಹಂತವಾಗಿ ನಡೆಯುವ ಒಂದು ಮಾತುಕತೆ. ಡ್ರೈವರ್ ಅದರ ಕೊನೆಯ ಹಂತ. ಮಾತು ಮೊದಲ ಹಂತದಲ್ಲೇ ಕಡಿದಿದ್ದರೆ ಎಷ್ಟು ಡ್ರೈವರ್ ಸುರಿದರೂ ಉಪಯೋಗವಿಲ್ಲ.

ಗೇಟಿನಲ್ಲಿ ನಡೆಯುವ ವಿಚಾರಣೆ

ಯುಎಸ್‌ಬಿ, ಅಂದರೆ ಯೂನಿವರ್ಸಲ್ ಸೀರಿಯಲ್ ಬಸ್, ಹುಟ್ಟಿದ್ದು 1996ರಲ್ಲಿ. ಅದಕ್ಕೆ ಮುಂಚೆ ಮೌಸಿಗೊಂದು ತೂತು, ಕೀಬೋರ್ಡಿಗೊಂದು, ಪ್ರಿಂಟರಿಗೆ ಅಂಗೈ ಅಗಲದ ಇನ್ನೊಂದು. ಹೊಸದನ್ನು ಜೋಡಿಸಿದರೆ ಕಂಪ್ಯೂಟರ್ ಆರಿಸಿ ಹೊತ್ತಿಸಬೇಕು. ಎಲ್ಲದಕ್ಕೂ ಒಂದೇ ಬಗೆಯ ತೂತು ಸಾಕೆಂದು ಹೊರಟ ಇಂಟೆಲ್ ತಂಡದ ಮುಂಚೂಣಿಯಲ್ಲಿದ್ದವರು ವಡೋದರಾದಲ್ಲಿ ಓದಿದ ಅಜಯ್ ಭಟ್. ತೂತು ಒಂದೇ ಆಯಿತು, ಸರಿ. ಆದರೆ ಒಳಗೆ ಬಂದದ್ದು ಮೌಸೋ ಪ್ರಿಂಟರೋ ಎಂದು ಈಗ ತೂತು ನೋಡಿ ಹೇಳುವಂತಿಲ್ಲ. ಬಂದವರೇ ಬಾಯಿಬಿಟ್ಟು ಹೇಳಬೇಕು.

ನಮ್ಮ ಸೊಸೈಟಿಯ ಗೇಟನ್ನು ನೆನೆಯಿರಿ. ಅತಿಥಿ ಬಂದು ಗೇಟು ತಟ್ಟುತ್ತಾನೆ. ವಾಚ್‌ಮನ್ ಅವನನ್ನು ಬೆಂಚಿನ ಮೇಲೆ ಕೂರಿಸಿ ವಿಚಾರಿಸುತ್ತಾನೆ: ಯಾರು, ಎಲ್ಲಿಂದ, ಏನು ಕೆಲಸ? ರಜಿಸ್ಟರಿನಲ್ಲಿ ಬರೆದು ಪಾಸ್ ಕೊಡುತ್ತಾನೆ. ಆಮೇಲೆ ಇಂಟರ್‌ಕಾಂನಲ್ಲಿ ಸಂಬಂಧಪಟ್ಟ ಫ್ಲ್ಯಾಟಿಗೆ ಸುದ್ದಿ.

ಯುಎಸ್‌ಬಿಯಲ್ಲೂ ಹಾಗೆಯೇ. ಚುಚ್ಚಿದ ತಕ್ಷಣ ಮೊದಲು ಸಾಧನಕ್ಕೆ 5 ವೋಲ್ಟ್ ಕರೆಂಟು ಸಿಗುತ್ತದೆ. ಎರಡನೆಯದು ಗೇಟು ತಟ್ಟುವುದು: ಸಾಧನದೊಳಗಿನ ಪುಟ್ಟ ರೆಸಿಸ್ಟರೊಂದು ಮಾಹಿತಿಯ ಎರಡು ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲೆತ್ತುತ್ತದೆ, ಯಾರೋ ಬಂದರೆಂದು ಕಂಪ್ಯೂಟರಿಗೆ ತಿಳಿಯುವುದು ಅದರಿಂದಲೇ. ಮೂರನೆಯದು ವಿಚಾರಣೆ. ಹೊಸಬರೆಲ್ಲರ ವಿಳಾಸ ಮೊದಲಿಗೆ 0. ಅದು ವಾಚ್‌ಮನ್ ಪಕ್ಕದ ಬೆಂಚು. ಅಲ್ಲಿ ಕೂತು ಒಂದೆರಡು ಮಾತಿಗೆ ಉತ್ತರ ಕೊಟ್ಟ ಮೇಲೆ 1ರಿಂದ 127ರೊಳಗಿನ ಒಂದು ಸಂಖ್ಯೆ ಪಾಸಿನಂತೆ ಸಿಗುತ್ತದೆ. ಬಳಿಕ ಸಾಧನ ತನ್ನ ಪೂರ್ತಿ ಜಾತಕ ಒಪ್ಪಿಸುತ್ತದೆ: ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ತಾನು ಯಾವ ವರ್ಗ, ತನಗೆಷ್ಟು ಕರೆಂಟು ಬೇಕು. ನಾಲ್ಕನೆಯದು ಇಂಟರ್‌ಕಾಂ: ಈ ಜಾತಕಕ್ಕೆ ಹೊಂದುವ ಡ್ರೈವರನ್ನು ವಿಂಡೋಸ್ ಹುಡುಕಿ ಕರೆಯುತ್ತದೆ.

ಡ್ರೈವರ್ ಎಂದರೆ ದುಭಾಷಿ. ವಿಂಡೋಸಿನ ಭಾಷೆ ಒಂದು, ಬೆರಳಚ್ಚಿನ ಯಂತ್ರದ ಭಾಷೆ ಇನ್ನೊಂದು. ಕೀಬೋರ್ಡು, ಮೌಸು, ಪೆನ್‌ಡ್ರೈವು, ಸಾಮಾನ್ಯ ವೆಬ್‌ಕ್ಯಾಮು ಇವೆಲ್ಲ ಹಿಂದಿಯಂಥ ಒಂದು ಸಾಮಾನ್ಯ ಭಾಷೆ ಆಡುತ್ತವೆ. ಅವುಗಳ ದುಭಾಷಿ ವಿಂಡೋಸ್ ಮನೆಯಲ್ಲೇ ಇರುತ್ತಾನೆ. ಪ್ರಿಂಟರು, ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವುಗಳಲ್ಲಿ ಹಲವಕ್ಕೆ ಸ್ವಂತ ಭಾಷೆ. ದುಭಾಷಿಯನ್ನು ಹೊರಗಿನಿಂದ ಕರೆತರಬೇಕು.

ಇಷ್ಟೆಲ್ಲ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ನಮಗೆ ಕೇಳುವುದು ಒಂದು ‘ಟುಡುಂ’ ಮಾತ್ರ.

ಮೊದಲು ಕಿವಿಗೊಡಿ

ಆ ಸದ್ದನ್ನು ಕಡೆಗಣಿಸಬೇಡಿ. ಸ್ಪೀಕರ್ ಸ್ವಲ್ಪ ಜೋರಿಟ್ಟು ಸಾಧನ ಚುಚ್ಚಿ. ತಗ್ಗಿನಿಂದ ಏರುವ ಎರಡು ಸ್ವರ ಕೇಳಿದರೆ ಸಾಧನ ಗೇಟು ದಾಟಿದೆ. ಏರಿದ್ದು ಇಳಿದರೆ ಹೊರಗೆ ಹೋಯಿತೆಂದು ಅರ್ಥ. ಒಂದೇ ಸ್ವರ ಮೂರು ಬಾರಿ ಬಡಿದರೆ ಬಂದಿದೆ, ಆದರೆ ಏನೋ ಎಡವಟ್ಟಾಗಿದೆ. ಏರುವ ಇಳಿಯುವ ಸದ್ದು ಸಾಲಾಗಿ ಬರುತ್ತಲೇ ಇದ್ದರೆ ಕೇಬಲ್ ಸಡಿಲ, ಇಲ್ಲವೇ ಕರೆಂಟು ಸಾಲುತ್ತಿಲ್ಲ. ಏನೂ ಕೇಳದಿದ್ದರೆ ಗೇಟು ತಟ್ಟಿದ್ದೇ ಕೇಳಿಸಿಲ್ಲ. ಅಂಥ ಹೊತ್ತಿನಲ್ಲಿ ಡ್ರೈವರ್ ಹುಡುಕುವುದೆಂದರೆ ಅತಿಥಿ ಇನ್ನೂ ಸ್ಟೇಷನ್ನಿನಲ್ಲಿರುವಾಗ ಮನೆಯಲ್ಲಿ ದುಭಾಷಿಯನ್ನು ಬೈದಂತೆ.

ರಾಯರ ಮನೆಯಲ್ಲಿ ಹೆಬ್ಬೆಟ್ಟಿನ ಮಷೀನಿನ ಕೆಂಪು ದೀಪ ಹೊತ್ತಿತ್ತು, ಸದ್ದು ಮಾತ್ರ ಇರಲಿಲ್ಲ. “ದೀಪ ಉರೀತಿದೆಯಲ್ಲ, ಮಷೀನು ಸರಿ ಇದೆ” ಎಂಬುದು ಅವರ ವಾದ. ತರ್ಕ ಸರಿಯೆನಿಸುತ್ತದೆ, ಆದರೆ ಸಾಲದು. ಮಾಮೂಲಿ ಯುಎಸ್‌ಬಿ ಕೇಬಲಿನೊಳಗೆ ನಾಲ್ಕು ತಂತಿ: ಎರಡು ಕರೆಂಟಿಗೆ, ಎರಡು ಮಾತಿಗೆ. ದೀಪ ಹೊತ್ತಲು ಮೊದಲೆರಡು ಸಾಕು.

ಪೆನ್‌ಡ್ರೈವಿನದಲ್ಲ, ಯಾವುದಾದರೂ ಕೇಬಲಿನ ಚಪ್ಪಟೆ ತುದಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ನಾಲ್ಕು ಹೊಂಬಣ್ಣದ ಪಟ್ಟಿಗಳಲ್ಲಿ ಆಚೀಚಿನ ಎರಡು ತುಸು ಉದ್ದ, ನಡುವಿನ ಎರಡು ತುಸು ಗಿಡ್ಡ. ಉದ್ದನೆಯವು ಕರೆಂಟಿನವು. ಮೊದಲು ಕರೆಂಟು ತಗುಲಿ ಆಮೇಲೆ ಮಾತು ಶುರುವಾಗಲಿ ಎಂದೇ ಹೀಗೆ ಮಾಡಿದ್ದು. ಹಾಗಾಗಿ ಪ್ಲಗ್ಗು ಒಂದೆರಡು ಮಿಲಿಮೀಟರ್ ಹೊರಗೇ ಉಳಿದರೆ ದೀಪ ಹೊತ್ತುತ್ತದೆ, ಮಾತು ಹೊರಡುವುದಿಲ್ಲ. ಎಷ್ಟೋ ‘ಕೆಟ್ಟ’ ಸಾಧನಗಳು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ ಮೇಲೆ ರಿಪೇರಿಯಾಗಿವೆ.

ಕೇಬಲ್, ಪೋರ್ಟ್, ಕರೆಂಟು

ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ ಫೋಟೋ ತೆಗೆಯಲು ಹೊರಟವರಿಗೆ ಹೆಚ್ಚಾಗಿ ಕಾಡುವುದು ಚಾರ್ಜಿಂಗ್ ಮಾತ್ರದ ಕೇಬಲು. ಲೋಕಲ್ ರೈಲಿನಲ್ಲಿ, ಸ್ಟೇಷನ್ ಸೇತುವೆಯ ಮೇಲೆ ಸಿಗುವ ಅಗ್ಗದ ಕೇಬಲುಗಳಲ್ಲಿ ಮಾತಿನ ಎರಡು ತಂತಿ ಇರುವುದೇ ಇಲ್ಲ ಎಂಬುದುಂಟು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಫೈಲು ದಾಟಿಸಿ ಗೊತ್ತಿರುವ ಕೇಬಲನ್ನು ಹಾಕಿ ನೋಡುವುದೊಂದೇ ಪರೀಕ್ಷೆ. ಕೇಬಲ್ ಸರಿಯಿದ್ದೂ ಮೊಬೈಲ್ ಕಾಣದಿದ್ದರೆ ಮೊಬೈಲಿನ ಪರದೆ ನೋಡಿ. ಆಂಡ್ರಾಯ್ಡ್ ಫೋನುಗಳು ತಾವಾಗಿ ಚಾರ್ಜಿಂಗಿಗಷ್ಟೇ ಒಪ್ಪುತ್ತವೆ, ‘ಫೈಲ್ ಟ್ರಾನ್ಸ್‌ಫರ್’ ಎಂದು ನಾವು ಆರಿಸಬೇಕು.

ರಾಯರ ಕಂಪ್ಯೂಟರ್ ಕ್ಯಾಬಿನೆಟ್ಟು ಮೇಜಿನ ಕೆಳಗೆ. ಬಗ್ಗಲು ಸೊಂಟ ಕೇಳುವುದಿಲ್ಲವೆಂದು ಮೂರು ಮೀಟರಿನ ಎಕ್ಸ್‌ಟೆನ್ಷನ್ ಕೇಬಲನ್ನು ಮುಂದಿನ ಪೋರ್ಟಿಗೆ, ಅಂದರೆ ಯುಎಸ್‌ಬಿ ತೂತಿಗೆ, ಸಿಕ್ಕಿಸಿ ಮೇಲಕ್ಕೆ ಎಳೆದಿದ್ದರು. ಇಲ್ಲಿ ಎರಡು ಸಂಶಯ ಒಟ್ಟಿಗೆ. ಒಂದು, ತೆಳ್ಳನೆಯ ಉದ್ದ ಕೇಬಲಿನಲ್ಲಿ ಹರಿಯುತ್ತ ಹೋದಂತೆ 5 ವೋಲ್ಟು ಇಳಿಯುತ್ತದೆ, ಮಾತೂ ಮಂಕಾಗುತ್ತದೆ. ಎರಡು, ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರಿನಲ್ಲಿ ಮುಂದಿನ ಪೋರ್ಟುಗಳು ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಫಲಕಕ್ಕೆ, ನೇರವಾಗಿ ಅಂಟಿರುವುದಿಲ್ಲ, ಒಳಗೊಂದು ಕೇಬಲಿನ ಮೂಲಕ ಹೋಗುತ್ತವೆ. ಆ ಕೇಬಲ್ ಅರೆಬರೆ ಕೂತಿದ್ದರೆ ಮುಂದಿನ ಪೋರ್ಟುಗಳಿಗೆ ಪಾರ್ಶ್ವವಾಯು. ಹಿಂದಿನ ಪೋರ್ಟುಗಳು ಮದರ್‌ಬೋರ್ಡಿನ ಮೇಲೆಯೇ ಬೆಸೆದವು. ಅದಕ್ಕೇ ತಕರಾರು ಬಂದ ಸಾಧನವನ್ನು ಮೊದಲು ಹಬ್ಬು (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ), ಎಕ್ಸ್‌ಟೆನ್ಷನ್ನು ಏನೂ ಇಲ್ಲದೆ ನೇರ ಹಿಂದಿನ ಪೋರ್ಟಿಗೆ ಹಾಕಬೇಕು.

ಹಾಕಿದೆ. ಟುಡುಂ.

ಬಂದದ್ದು ಮೂರು ಬಾರಿ ಬಡಿಯುವ ಸದ್ದೇ ಆದರೂ ಇದು ಪ್ರಗತಿ. ಅತಿಥಿ ಗೇಟಿಗೆ ಬಂದನೆಂದಾಯಿತು. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಕರೆಂಟಿನ ಲೆಕ್ಕ ಹೀಗಿದೆ. ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ 500 ಮಿಲಿಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900. 3.0ರ ಬಾಯಿಯೊಳಗೆ ಸಾಮಾನ್ಯವಾಗಿ ನೀಲಿ ಬಣ್ಣವಿರುತ್ತದೆ. ಮನೆಯ ಒಂದೇ ಪ್ಲಗ್ಗಿಗೆ ಮಿಕ್ಸರು, ಇಸ್ತ್ರಿಪೆಟ್ಟಿಗೆ ಎರಡನ್ನೂ ಹಾಕಿದರೆ ಏನಾಗುತ್ತದೋ, ಅಡಾಪ್ಟರ್ ಇಲ್ಲದ ಹಬ್ಬಿಗೆ ನಾಲ್ಕು ಸಾಧನ ಹಾಕಿದರೂ ಅದೇ. ಒಂದು ಪೋರ್ಟಿನ ಕರೆಂಟನ್ನೇ ನಾಲ್ವರು ಹಂಚಿಕೊಳ್ಳಬೇಕು. ತಿರುಗುವ ತಟ್ಟೆಯಿರುವ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕು ಟಿಕ್ ಟಿಕ್ ಎನ್ನುತ್ತ ಕಾಣಿಸಿಕೊಂಡು ಮಾಯವಾಗುತ್ತಿದ್ದರೆ ಮೊದಲು ಬೇರೆ ಪೋರ್ಟಿಗೆ ನೇರ ಹಾಕಿ. ಆಗಲೂ ಟಿಕ್ ಟಿಕ್ ನಿಲ್ಲದಿದ್ದರೆ ಡಿಸ್ಕೇ ಕೊನೆಯುಸಿರೆಳೆಯುತ್ತಿರಬಹುದು. ಒಳಗಿನ ಫೋಟೋಗಳು ಬೇಕಿದ್ದರೆ ಪ್ರಯೋಗ ನಿಲ್ಲಿಸಿ.

ಮುಂಬೈಯವರಿಗೆ ಇನ್ನೊಂದು ಮಾತು. ನಾಲ್ಕು ತಿಂಗಳ ಮಳೆ, ಸಮುದ್ರದ ಉಪ್ಪುಗಾಳಿ ಪೋರ್ಟಿನ ಪಟ್ಟಿಗಳನ್ನೂ ಬಿಡುವುದಿಲ್ಲ. ಕಿಟಕಿಯ ಪಕ್ಕ ಇಟ್ಟ ಕಂಪ್ಯೂಟರಿನ ಪೋರ್ಟಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಹಸಿರು ಕಿಲುಬು ಕಾಣಬಹುದು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ತುಸುವೇ ಸೋಕಿಸಿದ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಪಿನ್ನು, ಸೂಜಿ ತೂರಿಸಬೇಡಿ. ‘ಪವರ್ ಸರ್ಜ್ ಆನ್ ದ ಯುಎಸ್‌ಬಿ ಪೋರ್ಟ್’ ಎಂಬ ಸಂದೇಶ ಬಂದರಂತೂ ಸಾಧನವನ್ನು ಆ ಕ್ಷಣ ಕಿತ್ತುಬಿಡಿ. ಅಳತೆ ಮೀರಿ ಕರೆಂಟು ಎಳೆಯುತ್ತಿದೆ, ಒಳಗೆಲ್ಲೋ ತಂತಿ ತಂತಿಗೆ ತಾಗಿರಬಹುದು.

ತಪ್ಪು ಸಾಧನದ್ದೋ ಕಂಪ್ಯೂಟರಿನದ್ದೋ ಎಂದು ಗೊತ್ತಾಗದಿದ್ದರೆ ಅದನ್ನು ಪಕ್ಕದ ಮನೆಯ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ಉಸಿರಿಲ್ಲದಿದ್ದರೆ ಸಾಧನ ಅಥವಾ ಅದರ ಕೇಬಲ್. ಅಲ್ಲಿ ಟುಡುಂ ಎಂದರೆ ನಿಮ್ಮ ಕಂಪ್ಯೂಟರ್. ಐದು ನಿಮಿಷದ ಈ ಕೆಲಸವನ್ನು ಸಂಕೋಚಕ್ಕೆ ಮಾಡದೆ ದಿನವಿಡೀ ಒದ್ದಾಡುವವರನ್ನು ನೋಡಿದ್ದೇನೆ.

ವಾಚ್‌ಮನ್ನಿನ ರಜಿಸ್ಟರ್ ಓದುವುದು

ಸದ್ದು ಬಂದ ಮೇಲೆ ನೋಡಬೇಕಾದ್ದು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲೇ ಇದೆ. ಕಂಪ್ಯೂಟರಿಗೆ ತಗುಲಿಕೊಂಡ ಪ್ರತಿಯೊಂದೂ ಅಲ್ಲಿ ದಾಖಲು. ತಕರಾರಿನ ಸಾಧನಕ್ಕೆ ಹಳದಿ ತ್ರಿಕೋನ ಇರುತ್ತದೆ. ಅದರ ಮೇಲೆ ಎರಡು ಬಾರಿ ಒತ್ತಿದರೆ ‘ಡಿವೈಸ್ ಸ್ಟೇಟಸ್’ ಎಂಬಲ್ಲಿ ಒಂದು ಕೋಡ್ ಸಂಖ್ಯೆ. ಮಾತು ಎಲ್ಲಿ ಕಡಿಯಿತೆಂದು ಆ ಸಂಖ್ಯೆ ಹೇಳುತ್ತದೆ.

ಕೋಡ್ 28 ಎಂದರೆ ವಿಚಾರಣೆ ಮುಗಿದಿದೆ, ದುಭಾಷಿ ಸಿಕ್ಕಿಲ್ಲ. ಡ್ರೈವರ್ ಹುಡುಕಲು ಇದೇ ಸರಿಯಾದ ಹೊತ್ತು. ಕೋಡ್ 10 ಎಂದರೆ ದುಭಾಷಿ ಬಂದಿದ್ದಾನೆ, ಸಾಧನ ಕೆಲಸ ಶುರು ಮಾಡುತ್ತಿಲ್ಲ. ಡ್ರೈವರ್ ತಪ್ಪಿರಬಹುದು, ಸಾಧನವೂ ಸೋತಿರಬಹುದು. 22 ಎಂದರೆ ಯಾರೋ ಕೈಯಾರೆ ಆರಿಸಿಟ್ಟಿದ್ದಾರೆ, ‘ಎನೇಬಲ್’ ಒತ್ತಿದರೆ ಮುಗಿಯಿತು. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ.

ಜನರನ್ನು ಹೆಚ್ಚು ಗೋಳಾಡಿಸುವುದು ಕೋಡ್ 43. ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂದು ಬರೆದು ಪಕ್ಕದಲ್ಲಿ ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂದಿರುತ್ತದೆ. ಅರ್ಥ ಸರಳ: ಗೇಟು ತಟ್ಟಿದ, ಬೆಂಚಿನಲ್ಲಿ ಕೂತ, ಹೆಸರು ಕೇಳಿದರೆ ಬಾಯಿಬಿಡಲಿಲ್ಲ ಅಥವಾ ಏನೋ ಗೊಣಗಿದ. ಹೆಸರೇ ಗೊತ್ತಿಲ್ಲದ ಮೇಲೆ ಯಾವ ಡ್ರೈವರನ್ನು ಕರೆಯುವುದು? ಇಲ್ಲಿ ‘ಅಪ್‌ಡೇಟ್ ಡ್ರೈವರ್’ ಒತ್ತುವುದು ಹೆಚ್ಚಾಗಿ ವ್ಯರ್ಥ. ಮತ್ತೆ ಕೇಬಲ್, ಪೋರ್ಟ್, ಕರೆಂಟಿಗೇ ಮರಳಬೇಕು. ಪೋರ್ಟಿನದೇ ಗ್ರಹಚಾರ ಕೆಟ್ಟಂತಿದ್ದರೆ ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನನ್ನು ಕಾಲು ನಿಮಿಷ ಒತ್ತಿಹಿಡಿದು ಮತ್ತೆ ಹೊತ್ತಿಸಿ. ಒಳಗೆ ಉಳಿದ ಕರೆಂಟೆಲ್ಲ ಬಸಿದು ಯುಎಸ್‌ಬಿ ಭಾಗ ಹೊಸದಾಗಿ ಎದ್ದು ಕೂರುತ್ತದೆ.

ಅಂದ ಹಾಗೆ, ವಿಂಡೋಸ್ 11ರಲ್ಲಿ ‘ಷಟ್ ಡೌನ್’ಗಿಂತ ‘ರೀಸ್ಟಾರ್ಟ್’ ಹೆಚ್ಚು ಪೂರ್ಣ. ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಆನ್ ಇದ್ದರೆ ಷಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಗ್ಗೆ ಎದ್ದಾಗ ನಿನ್ನೆಯ ಗೊಂದಲವೂ ಜೊತೆಗೇ ಏಳಬಹುದು.

ರಾಯರ ಮಷೀನು ತೋರಿಸಿದ್ದು ಕೋಡ್ 28. ನನಗೆ ಸಮಾಧಾನವಾಯಿತು.

ದುಭಾಷಿಯನ್ನು ಎಲ್ಲಿಂದ ತರಬೇಕು

ಅದೇ ಕಿಟಕಿಯಲ್ಲಿ ‘ಡಿಟೇಲ್ಸ್’ ಎಂಬ ಹಾಳೆ ತೆರೆದು ‘ಹಾರ್ಡ್‌ವೇರ್ ಐಡಿಸ್’ ಆರಿಸಿದರೆ ವಿಐಡಿ, ಪಿಐಡಿ ಎಂಬ ಎರಡು ಗುರುತು ಕಾಣುತ್ತವೆ, ತಲಾ ನಾಲ್ಕಕ್ಷರ. ವಿಐಡಿ ಮನೆತನದ ಹೆಸರಿದ್ದಂತೆ. ಯುಎಸ್‌ಬಿ ನಿಯಮ ರೂಪಿಸುವ ಸಂಸ್ಥೆಯೇ ಪ್ರತಿ ತಯಾರಕರಿಗೂ ಕೊಡುತ್ತದೆ. ಪಿಐಡಿ ಸ್ವಂತ ಹೆಸರು, ತಯಾರಕರೇ ಇಡುತ್ತಾರೆ. ಡಬ್ಬಿಯ ಮೇಲಿನ ಹೆಸರು ಅಳಿಸಿಹೋಗಿದ್ದರೂ ಈ ಎಂಟು ಅಕ್ಷರ ಹುಡುಕಿದರೆ ಸಾಧನ ಯಾರದೆಂದು ತಿಳಿಯುತ್ತದೆ. ವಿಐಡಿಯೇ 0000 ಎಂದಿದ್ದರೆ ಅದು ಹೆಸರಲ್ಲ. ಮೇಲೆ ಹೇಳಿದ ಕೋಡ್ 43ರ ಬಾಯಿಬಿಡದ ಅತಿಥಿ.

ಹೆಸರು ಸಿಕ್ಕ ಮೇಲೆ ಮೊದಲು ವಿಂಡೋಸನ್ನೇ ಕೇಳಿ. ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಎಂದು ಒಳಹೊಕ್ಕರೆ ಕೆಲವೊಮ್ಮೆ ಬೇಕಾದ ಡ್ರೈವರ್ ಅಲ್ಲೇ ಕಾದಿರುತ್ತದೆ. ಇಲ್ಲದಿದ್ದರೆ ತಯಾರಕರ ಸ್ವಂತ ಜಾಲತಾಣ. ಮೂರನೆಯ ದಾರಿ ಹಿಡಿಯಬೇಡಿ. ‘ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಡ್ರೈವರ್’ ಎನ್ನುವ ತಂತ್ರಾಂಶಗಳು ಬೇಡದ ಸರಕನ್ನು ಜೊತೆಗೆ ತುರುಕಬಹುದು. ಡ್ರೈವರಿಗೆ ವಿಂಡೋಸಿನ ಗರ್ಭಗುಡಿಯವರೆಗೂ ಪ್ರವೇಶವಿರುವುದರಿಂದ ಕೆಟ್ಟದ್ದೊಂದು ಸೇರಿದರೆ ಹಾನಿ ದೊಡ್ಡದು. ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಕಂಪ್ಯೂಟರ್ ಇದು. ರಾಯರು ಇಳಿಸಿದ ಮೂರರಲ್ಲಿ ಎರಡು ಇಂಥವೇ. ಮೊದಲು ಅವನ್ನು ತೆಗೆದುಹಾಕಿದೆವು.

ಮೂರನೆಯದು ಅಸಲಿಯೇ, ಆದರೆ ಹಳೆಯ 32 ಬಿಟ್ ವಿಂಡೋಸಿಗೆ ಬರೆದದ್ದು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. 32 ಬಿಟ್‌ನ ಸಾಮಾನ್ಯ ತಂತ್ರಾಂಶಗಳು ಇದರಲ್ಲಿ ಓಡುತ್ತವೆ, ಡ್ರೈವರ್ ಮಾತ್ರ ಓಡುವುದಿಲ್ಲ. ಆರ್ಮ್ ಬಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಕೊಂಡವರಿಗೆ ಇನ್ನೂ ಒಂದು ತೊಡಕು: ಇಂಟೆಲ್, ಎಎಂಡಿ ಕಂಪ್ಯೂಟರಿಗೆ ಬರೆದ ಡ್ರೈವರೂ ಅಲ್ಲಿ ನಡೆಯದು, ಆರ್ಮ್‌ಗೆಂದೇ ಬರೆದದ್ದು ಬೇಕು.

ವಿಂಡೋಸ್ 11 ಹಳೆಯ ಡ್ರೈವರುಗಳಿಗೆ ಬಾಗಿಲು ಹಾಕಲು ಇನ್ನೊಂದು ಕಾರಣ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು. ವಿಂಡೋಸ್ ಸೆಕ್ಯುರಿಟಿಯೊಳಗೆ ಡಿವೈಸ್ ಸೆಕ್ಯುರಿಟಿ, ಅದರೊಳಗೆ ಕೋರ್ ಐಸೊಲೇಷನ್ ಎಂಬಲ್ಲಿ ಇದು ಸಿಗುತ್ತದೆ. ಇದಕ್ಕೆ ಹೊಂದದ ಡ್ರೈವರ್ ಲೋಡ್ ಆಗುವುದೇ ಇಲ್ಲ. ಹಲವರು ಕಾವಲನ್ನೇ ಆರಿಸಿಬಿಡಿ ಎನ್ನುತ್ತಾರೆ. ನನಗೆ ಅದು ಒಗ್ಗದು; ಹಳೆಯ ಸ್ಕ್ಯಾನರೊಂದಕ್ಕಾಗಿ ಇಡೀ ಸೊಸೈಟಿಯ ಗೇಟು ತೆರೆದಿಡುವುದೇ? ಹೊಸ ಡ್ರೈವರ್ ಬಂದಿದೆಯೇ ನೋಡಿ. ಬಂದಿಲ್ಲವೆಂದರೆ ಆ ಸಾಧನಕ್ಕೆ ವಯಸ್ಸಾಯಿತು.

ನಕಲಿಗಳ ಪುರಾಣವೂ ಇದೆ. ಯುಎಸ್‌ಬಿಯನ್ನು ಹಳೆಯ ಸೀರಿಯಲ್ ತೂತಿಗೆ ಹೊಂದಿಸುವ ಕೇಬಲುಗಳು ಬಿಲ್ಲಿಂಗ್ ಯಂತ್ರ, ತೂಕದ ಯಂತ್ರಗಳಿಗೆ ಬೇಕಾಗುತ್ತವೆ. ಅವುಗಳಲ್ಲಿ ಬಳಸುವ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ಪಿನ ನಕಲುಗಳು ಮಾರುಕಟ್ಟೆ ತುಂಬಿದವು. ಕಂಪನಿ ತನ್ನ ಹೊಸ ಡ್ರೈವರುಗಳಲ್ಲಿ 2012ಕ್ಕೇ ನಿಲ್ಲಿಸಿದ ಹಳೆಯ ಮಾದರಿಗಳಿಗೆ ಬೆಂಬಲ ಕೈಬಿಟ್ಟಿತು. ಹಾಗಾಗಿ ನಿನ್ನೆಯವರೆಗೆ ನಡೆದ ಕೇಬಲ್ ವಿಂಡೋಸ್ ಅಪ್‌ಡೇಟ್ ಆದ ಮರುದಿನ ಕೋಡ್ 10 ತೋರಿಸಿದ್ದುಂಟು. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಇಂಥ ಕೇಬಲ್ ಕೊಳ್ಳುವಾಗ ಒಳಗಿನ ಚಿಪ್ ಯಾವುದೆಂದು ಕೇಳಿಯೇ ಕೊಳ್ಳಿ.

ಹಳೆಯ ನೆನಪು ಮತ್ತು ‘ಕಾಪಿ 1’ರ ರಹಸ್ಯ

ರಾಯರ ಪ್ರಿಂಟರಿನ ಕಥೆ ಬೇರೆ. ಅದು ಇನ್‌ಸ್ಟಾಲ್ ಆಗಿತ್ತು. ಪ್ರಿಂಟ್ ಕೊಟ್ಟರೆ ‘ಆಫ್‌ಲೈನ್’. ಪಟ್ಟಿಯಲ್ಲಿ ನೋಡಿದರೆ ಅದೇ ಹೆಸರಿನ ಎರಡು ಪ್ರಿಂಟರ್, ಒಂದರ ಬಾಲಕ್ಕೆ ‘ಕಾಪಿ 1’.

ಹೀಗಾಗುವುದಕ್ಕೆ ಕಾರಣವಿದೆ. ಕೆಲವು ಸಾಧನಗಳ ಜಾತಕದಲ್ಲಿ ಸೀರಿಯಲ್ ನಂಬರ್ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇದ್ದರೆ ಯಾವ ಪೋರ್ಟಿನಿಂದ ಬಂದರೂ ವಿಂಡೋಸ್ ‘ಓ, ನೀವಾ’ ಎನ್ನುತ್ತದೆ. ಇಲ್ಲದಿದ್ದರೆ ಬಂದ ಬಾಗಿಲಿನಿಂದಲೇ ಗುರುತು. ನಿನ್ನೆ ಮುಂದಿನ ಗೇಟಿನಿಂದ ಬಂದ ಹಾಲಿನವನು ಇವತ್ತು ಹಿಂದಿನ ಗೇಟಿನಿಂದ ಬಂದರೆ ಅಲ್ಲಿನ ವಾಚ್‌ಮನ್ ಮತ್ತೆ ಹೊಸ ಎಂಟ್ರಿ ಬರೆಯುವಂತೆ. ರಾಯರು ಕಸ ಗುಡಿಸುವಾಗ ಕೇಬಲ್ ಕಿತ್ತು ಬೇರೆ ಪೋರ್ಟಿಗೆ ಹಾಕಿದ್ದರು. ವಿಂಡೋಸ್ ಎರಡನೆಯ ಪ್ರಿಂಟರನ್ನು ಸೃಷ್ಟಿಸಿತು, ವರ್ಡ್ ಮಾತ್ರ ಹಳೆಯದಕ್ಕೇ ಕಾಗದ ಕಳಿಸುತ್ತಿತ್ತು. ಹಳೆಯ ಪೋರ್ಟಿಗೆ ಮರಳಿಸಿದ ಕೂಡಲೇ ಮೂರು ದಿನದಿಂದ ಸರತಿಯಲ್ಲಿದ್ದ ಸತ್ಯನಾರಾಯಣ ಪೂಜೆಯ ಆಮಂತ್ರಣ ಹನ್ನೆರಡು ಪ್ರತಿ ಒಟ್ಟಿಗೆ ಬಂತು.

ಅರ್ಧಂಬರ್ಧ ಕೂತ ಡ್ರೈವರುಗಳೂ ನೆನಪಿನಲ್ಲಿ ಉಳಿದು ತೊಂದರೆ ಕೊಡುತ್ತವೆ. ಡಿವೈಸ್ ಮ್ಯಾನೇಜರಿನ ‘ವ್ಯೂ’ನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದರೆ ಹಿಂದೆಂದೋ ಬಂದುಹೋದವರೆಲ್ಲ ಮಸುಕು ಅಕ್ಷರದಲ್ಲಿ ಕಾಣಿಸುತ್ತಾರೆ. ತಕರಾರಿನ ಸಾಧನವನ್ನು ಆರಿಸಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಡಿ. ಡ್ರೈವರನ್ನೂ ತೆಗೆಯಲೇ ಎಂಬ ಚೌಕ ಕಂಡರೆ ಟಿಕ್ ಮಾಡಿ. ಸಾಧನ ಕಿತ್ತು, ರೀಸ್ಟಾರ್ಟ್ ಮಾಡಿ, ಹೊಸದಾಗಿ ಶುರು ಮಾಡಿ. ಹೆಸರು ಖಚಿತವಿಲ್ಲದ್ದನ್ನು ಮುಟ್ಟಬೇಡಿ. ಕೀಬೋರ್ಡು, ಮೌಸು ಯಾವ ಹಬ್ಬಿನ ಮೇಲೆ ನಿಂತಿವೆಯೋ ಅದನ್ನೇ ಕಿತ್ತುಹಾಕಿ ಪರದೆ ನೋಡುತ್ತ ಕೂತವರಿದ್ದಾರೆ.

ಪ್ರಿಂಟರುಗಳ ವಿಷಯದಲ್ಲಿ ಇನ್ನೊಂದು. ಹಲವು ಮಾದರಿಗಳಲ್ಲಿ ಮೊದಲು ತಂತ್ರಾಂಶ ಹಾಕಿ, ಅದು ಹೇಳಿದ ಮೇಲೆಯೇ ಕೇಬಲ್ ಚುಚ್ಚಬೇಕು. ಪೋರ್ಟಿನ ಬಾಯಿಗೆ ಅಂಟಿಸಿದ ಬಣ್ಣದ ಸ್ಟಿಕ್ಕರ್ ಹೇಳುವುದು ಅದನ್ನೇ. ಅವಸರಕ್ಕೆ ನಾವು ಮೊದಲು ಕೀಳುವುದು ಆ ಸ್ಟಿಕ್ಕರನ್ನು.

ಇನ್‌ಸ್ಟಾಲ್ ಆಗಿಯೂ ಕಾಣದ ಪೆನ್‌ಡ್ರೈವ್

ಏರುವ ಟುಡುಂ ಬಂತು, ಡಿವೈಸ್ ಮ್ಯಾನೇಜರಿನಲ್ಲೂ ತಕರಾರಿಲ್ಲ, ಆದರೆ ‘ದಿಸ್ ಪಿಸಿ’ಯಲ್ಲಿ ಪೆನ್‌ಡ್ರೈವ್ ಇಲ್ಲ. ಇಲ್ಲಿ ಯುಎಸ್‌ಬಿಯ ಕೆಲಸ ಮುಗಿದಿದೆ; ತೊಂದರೆ ಡಿಸ್ಕಿನ ಲೆಕ್ಕದಲ್ಲಿದೆ. ಸ್ಟಾರ್ಟ್ ಮೇಲೆ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಪೆನ್‌ಡ್ರೈವ್ ಅಲ್ಲಿ ಅಕ್ಷರವಿಲ್ಲದೆ ಕೂತಿದ್ದರೆ ಬಲಗುಂಡಿ ಒತ್ತಿ ‘ಚೇಂಜ್ ಡ್ರೈವ್ ಲೆಟರ್’ನಿಂದ ಒಂದು ಅಕ್ಷರ ಕೊಡಿ. ಮನೆಗೆ ನಂಬರ್ ಫಲಕ ಹಾಕಿದಂತೆ.

‘ಅನ್‌ಅಲೊಕೇಟೆಡ್’ ಎಂದೋ ‘ರಾ’ ಎಂದೋ ಇದ್ದರೆ ಕೈ ತಡೆಯಿರಿ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ನಯವಾಗಿ ಕೇಳುತ್ತದೆ. ಅದಕ್ಕೆ ಹೂಂ ಎಂದರೆ ಒಳಗಿನ ಫೈಲುಗಳನ್ನು ಮರಳಿ ಪಡೆಯುವುದು ಕಷ್ಟದ ದಾರಿಗೆ ಬೀಳುತ್ತದೆ. ಒಳಗಿರುವುದು ಬೇಕಿದ್ದರೆ ಬೇಡ ಎನ್ನಿ.

ಕೊನೆಗೆ ಹೆಬ್ಬೆಟ್ಟು

ತಯಾರಕರ ಜಾಲತಾಣದಿಂದ 64 ಬಿಟ್ ಡ್ರೈವರ್ ಇಳಿಸಿ, ಮಷೀನು ಕಿತ್ತು, ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ, ಹಿಂದಿನ ಪೋರ್ಟಿಗೆ ಚುಚ್ಚಿದೆವು. ಏರುವ ಟುಡುಂ. ಹಳದಿ ತ್ರಿಕೋನ ಮಾಯ. ಆದರೂ ಜೀವನ್ ಪ್ರಮಾಣ್ ತಂತ್ರಾಂಶ ಮಷೀನನ್ನು ಒಪ್ಪಲಿಲ್ಲ. ಆಧಾರ್ ಸಂಬಂಧದ ಬೆರಳಚ್ಚಿನ ಯಂತ್ರಗಳಿಗೆ ಡ್ರೈವರ್ ಮೇಲೆ ಇನ್ನೊಂದು ಪದರ ಬೇಕು, ‘ಆರ್‌ಡಿ ಸರ್ವೀಸ್’ ಎನ್ನುತ್ತಾರೆ. ನೋಂದಣಿಯಾದ ಯಂತ್ರದಿಂದಲೇ ಬೆರಳಚ್ಚು ಬರುತ್ತಿದೆ ಎಂದು ಖಾತ್ರಿಪಡಿಸುವ ತಂತ್ರಾಂಶ ಅದು. ಯಂತ್ರದ ಕಂಪನಿಯೇ ಕೊಡುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅಂಗಡಿಯವನು ಹಾಕಿಕೊಟ್ಟಿದ್ದ, ರಾಯರಿಗೆ ಅದರ ಸುಳಿವೇ ಇರಲಿಲ್ಲ. ಹಾಕಿದೆವು.

ಮೊದಲ ಎರಡು ಬಾರಿ ಬೆರಳು ಹಿಡಿಯಲಿಲ್ಲ. ಮೂವತ್ತೈದು ವರ್ಷ ನೋಟು ಎಣಿಸಿದ ಬೆರಳು, ಗೆರೆಯೆಲ್ಲ ಸವೆದಿವೆ. ರಾಯರ ಹೆಂಡತಿ ಒಳಗಿನಿಂದ ಒದ್ದೆ ಬಟ್ಟೆ ತಂದು ಒರೆಸಿ, “ತೋರುಬೆರಳು ಇಡಿ, ಹೆಬ್ಬೆಟ್ಟಿನದೇ ಯಾಕೆ ಹಟ” ಎಂದರು. ಮೂರನೆಯ ಸಲ ಪರದೆ ಹಸಿರಾಯಿತು.

ಎಕ್ಸ್‌ಟೆನ್ಷನ್ ಕೇಬಲನ್ನು ಸುರುಳಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಕಾಫಿ ಕುಡಿದು ಹೊರಡುವಾಗ ನೋಡಿದರೆ ಅದು ಮತ್ತೆ ಮೇಜಿನ ಡ್ರಾಯರಿನಲ್ಲಿ.

“ಇರಲಿ ಬಿಡು,” ರಾಯರು ಡ್ರಾಯರ್ ಮುಚ್ಚಿದರು, “ಯಾವುದಕ್ಕಾದರೂ ಬಂದೀತು.”